ಜವಾಬ್ದಾರಿ ಬಂದ್ರೆ ಮನಸ್ಸಿಗೂ ವಯಸ್ಸಾಗ್ಲೇಬೇಕಾ?

"ನಂಗೆ ವಯಸ್ಸಾಗೋಯ್ತು ಮೇಡಂ" ಅಂತ ಕೌನ್ಸೆಲಿಂಗ್‌ಗೆ ಬಂದು ನನ್ನ ಎದುರು ಕೂತು ಹೇಳೋರು ಯಾರು ಅಂದ್ಕೊಂಡಿದೀರಿ? ಅರವತ್ತು ದಾಟಿದವರಲ್ಲ. ಅವ್ರು ಮಂಡಿ ನೋವು ಅಂತಾರೆ, ರಾತ್ರಿ ನಿದ್ದೆ ಬರಲ್ಲ ಅಂತಾರೆ, ಮಗ ಫೋನ್ ಎತ್ತಲ್ಲ ಅಂತಾರೆ, ಆದ್ರೆ ವಯಸ್ಸಾಯ್ತು ಅನ್ನೋದನ್ನ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲ್ಲ. ಹಂಗನ್ನೋರು 25ರಿಂದ 32ರ ಆಸುಪಾಸಿನವ್ರು. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಗಿರುತ್ತೆ, ಇಲ್ಲಾಂದ್ರೆ ಹೊಸದಾಗಿ ಮದುವೆ ಆಗಿರುತ್ತೆ, ಇಲ್ಲಾಂದ್ರೆ ಸಾಲದ ಕಂತು ಶುರುವಾಗಿರುತ್ತೆ, ಒಂದಿನ ಇದ್ದಕ್ಕಿದ್ದಂಗೆ ಗಮನಕ್ಕೆ ಬರುತ್ತೆ, ಮುಂಚೆ ಯಾವ್ಯಾವುದಕ್ಕೆ ಕುಣೀತಿದ್ನೋ ಈಗ ಅದ್ಯಾವುದೂ ಬೇಕು ಅನ್ನಿಸ್ತಿಲ್ಲ, ಫ್ರೆಂಡ್ಸ್ ಕರೆದ್ರೂ ಸುಸ್ತು, ರಜಾ ಸಿಕ್ರೂ ಮಲ್ಕೊಳೋಣ ಅನ್ಸುತ್ತೆ, ದೊಡ್ಡವರಾಗೋದು ಅಂದ್ರೆ ಇಷ್ಟೇನಾ ಅಂತ.

ಇದು ಬರೀ ಇವ್ರ ಕಲ್ಪನೆ ಅಲ್ಲ. 2006ರಲ್ಲಿ ಡೇವಿಡ್ ರೂಬಿನ್ ಮತ್ತೆ ಡಾರ್ಟೆ ಬರ್ನ್‌ಟ್ಸನ್ ಅನ್ನೋ ಮನಃಶಾಸ್ತ್ರಜ್ಞರು ಪ್ರಕಟಿಸಿದ ಸ್ಟಡಿಯಲ್ಲಿ, ಡೆನ್ಮಾರ್ಕಿನ 20ರಿಂದ 97 ವರ್ಷದವ್ರನ್ನ ಕೇಳಿದ್ರು, ನಿಮಗೆ ಒಳಗಿಂದ ಎಷ್ಟು ವಯಸ್ಸು ಅನ್ಸುತ್ತೆ ಅಂತ. 25ಕ್ಕಿಂತ ಚಿಕ್ಕವ್ರು ತಮ್ಮ ವಯಸ್ಸಿಗಿಂತ ಜಾಸ್ತಿ ಹೇಳಿದ್ರು, ಅದಾದ್ಮೇಲೆ ಲೆಕ್ಕ ಉಲ್ಟಾ. 40 ದಾಟಿದವ್ರು ಸರಾಸರಿ 20 ಪರ್ಸೆಂಟ್ ಕಮ್ಮಿ ಹೇಳಿದ್ರು, ಅಂದ್ರೆ 50ರವ್ರಿಗೆ ಒಳಗೊಳಗೆ 40 ಅನ್ಸೋದು ಮಾಮೂಲಿ. ವರ್ಷ ಕಳೆದಂಗೆ ಮನಸ್ಸೂ ಒಂದೇ ಸಮ ಹಳೇದಾಗ್ತಾ ಹೋಗುತ್ತೆ ಅನ್ನೋ ನಂಬಿಕೆ ಇದೆಯಲ್ಲ, ಅದು ಇಲ್ಲೇ ಬಿದ್ದೋಗುತ್ತೆ. ನನ್ನ ಹತ್ರ ಬರೋರಲ್ಲಿ ಆ ಉಲ್ಟಾ ಆಗೋದು ಸ್ವಲ್ಪ ತಡವಾಗಿದೆ, ಅಷ್ಟೇ.

ಎಲ್ರೂ ತಪ್ಪು ಹೊರಿಸೋದು ಜವಾಬ್ದಾರಿ ಮೇಲೆ. ನಾನು ಇದನ್ನ ಒಪ್ಪಲ್ಲ. ಮನುಷ್ಯರ ಸ್ವಭಾವ ವರ್ಷಾನುಗಟ್ಟಲೆ ಹೆಂಗೆ ಬದಲಾಗುತ್ತೆ ಅಂತ ನೋಡಿರೋ ಸ್ಟಡಿಗಳು ಸುಮಾರಿವೆ, ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಿಗೋ ಚಿತ್ರ ಏನಂದ್ರೆ 20ರಿಂದ 40ರ ಮಧ್ಯೆ ಜನ ಹೆಚ್ಚು ಶಿಸ್ತಿನವ್ರಾಗ್ತಾರೆ, ಸಣ್ಣಪುಟ್ಟದಕ್ಕೆ ಅಲ್ಲಾಡೋದು ಕಮ್ಮಿ ಆಗುತ್ತೆ. ಇದು ಒಳ್ಳೇ ಸುದ್ದಿ ಕಣ್ರೀ. ಟೈಮಿಗೆ ಬಿಲ್ ಕಟ್ಟೋ ಮನುಷ್ಯ ನಗೋದನ್ನ ಬಿಡಬೇಕು ಅಂತ ಎಲ್ಲೂ ಬರೆದಿಲ್ಲ. ನಾನು ನೋಡಿರೋ ಮಟ್ಟಿಗೆ ಮನಸ್ಸನ್ನ ಮುದುಕಾಗಿಸೋದು ಜವಾಬ್ದಾರಿ ಅಲ್ಲ, ಹೆದರಿಕೆ. ಎರಡೂ ಒಟ್ಟಿಗೆ ಒಂದೇ ವಯಸ್ಸಲ್ಲಿ ಮನೆಗೆ ಬರೋದ್ರಿಂದ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಯಾಕ್ ಪ್ಯಾಂಕ್‌ಸೆಪ್ ಅಂತ ಒಬ್ಬ ನರವಿಜ್ಞಾನಿ ಇದ್ರು, ಜೀವನಪೂರ್ತಿ ಇಲಿಗಳ ಆಟ ನೋಡಿದವ್ರು. ಮರಿ ಇಲಿಗಳಿಗೆ ಕಚಗುಳಿ ಇಟ್ರೆ ಅವು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಚಿಲಿಪಿಲಿ ಅಂತಾವೆ, ನಮ್ಮ ಕಿವಿಗೆ ಕೇಳೋದೇ 20ರ ತನಕ, ಹಾಗಾಗಿ ಮಷೀನ್ ಇಟ್ಟು ಕೇಳ್ಬೇಕು. ಇನ್ನೊಂದು ವಿಷಯ, ಮೆದುಳಿನ ಮೇಲ್ಪದರ ತೆಗೆದ ಇಲಿಗಳೂ ಆಟ ಆಡಿದ್ವು. ಅಂದ್ರೆ ಆಟದ ಬೇರು ಇರೋದು ಬುದ್ಧಿವಂತಿಕೆಯ ಜಾಗದಲ್ಲಲ್ಲ, ಅದಕ್ಕಿಂತ ಆಳದಲ್ಲಿ, ಓದು ಡಿಗ್ರಿ ಪ್ರಮೋಷನ್ ಯಾವುದೂ ಅದನ್ನ ಕಿತ್ತುಹಾಕಕ್ಕಾಗಲ್ಲ. ಆದ್ರೆ ಅದನ್ನ ನಿಲ್ಲಿಸೋದು ಎಷ್ಟು ಸುಲಭ ಅಂತಾನೂ ಅವ್ರೇ ತೋರಿಸಿದ್ರು. ಜೋರಾಗಿ ಕುಸ್ತಿ ಆಡ್ತಿರೋ ಮರಿಗಳ ಬೋನಿನಲ್ಲಿ ಒಂದು ಚೂರು ಬೆಕ್ಕಿನ ಕೂದಲು ಇಟ್ರು. ಬೆಕ್ಕಿಲ್ಲ, ಬರೀ ಕೂದಲು. ಆ ಇಲಿಗಳು ಹುಟ್ಟಿದಾಗಿಂದ ಬೆಕ್ಕು ನೋಡಿದ್ದಿಲ್ಲ. ಆಟ ಪೂರ್ತಿ ನಿಂತೋಯ್ತು, ಕೂದಲು ತೆಗೆದು ಬೋನು ಕ್ಲೀನ್ ಮಾಡಿದ್ಮೇಲೂ ಆಮೇಲಿನ ಕೆಲವು ದಿನ ಅವು ಮುಂಚಿನಂಗೆ ಆಡ್ಲಿಲ್ಲ.

ಈ ಪ್ರಯೋಗ ಓದಿದಾಗಿಂದ ನನ್ನ ಎದುರು ಯಾರೇ ಬಂದು ಕೂತ್ರೂ ನಾನು ಮೊದಲು ಹುಡುಕೋದು ಬೆಕ್ಕಿನ ಕೂದಲು ಎಲ್ಲಿದೆ ಅಂತ. ಆಫೀಸಿನ ಗ್ರೂಪಿನಲ್ಲಿ ರಾತ್ರಿ ಹತ್ತಕ್ಕೆ ಬರೋ ಮೆಸೇಜಾ? ಓದದೆ ಬಿಟ್ಟಿರೋ ಬ್ಯಾಂಕಿನ ಲೆಟರಾ? "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಅಂತ ಹತ್ತು ವರ್ಷದ ಹಿಂದೆ ಯಾರೋ ಅಂದಿದ್ದ ಮಾತಾ? ಸುಮಾರು ಸಲ ಬೆಕ್ಕು ಯಾವತ್ತೋ ಹೋಗಿರುತ್ತೆ.

ಎರಿಕ್ ಬರ್ನ್ ಅಂತ ಮನೋವೈದ್ಯರೊಬ್ರು 1950ರ ದಶಕದಲ್ಲಿ ಒಂದು ಮಾದರಿ ಕೊಟ್ರು, ನಂಗೆ ದಿನಾ ಉಪಯೋಗಕ್ಕೆ ಬರುತ್ತೆ. ಪ್ರತಿಯೊಬ್ಬರ ಒಳಗೂ ಒಬ್ಬ ಪೇರೆಂಟ್, ಒಬ್ಬ ಅಡಲ್ಟ್, ಒಂದು ಮಗು, ಮೂರೂ ಒಟ್ಟಿಗೆ ಇರ್ತಾವೆ, ಒಂದು ಹೋಗಿ ಇನ್ನೊಂದು ಬರೋದಲ್ಲ. ಆ ಮಗುವಿನಲ್ಲೂ ಎರಡು ಥರ. ಒಂದು ಸ್ವತಂತ್ರವಾಗಿ ಕುಣಿಯೋ ಮಗು, ಇನ್ನೊಂದು ದೊಡ್ಡವರ ಮುಖ ನೋಡ್ಕೊಂಡು ಅವ್ರಿಗೆ ಬೇಕಾದಂಗೆ ಇರೋ ಮಗು. ಇದು ಸ್ಕ್ಯಾನ್ ಮಾಡಿ ತೋರಿಸೋ ಅಂಥದ್ದಲ್ಲ, ಮಾತಾಡೋಕೆ ಅನುಕೂಲ ಆಗೋ ಒಂದು ನಕ್ಷೆ ಅಷ್ಟೇ. ಆದ್ರೆ ಈ ನಕ್ಷೆ ಇಟ್ಕೊಂಡು ನೋಡಿದ್ರೆ ಒಂದು ತಮಾಷೆ ಕಾಣುತ್ತೆ. ನಾವು ಯಾರನ್ನ ನೋಡಿ "ಎಷ್ಟು ಮೆಚೂರ್ಡ್ ಆಗಿದಾನೆ" ಅಂತೀವೋ ಅವ್ರಲ್ಲಿ ಬಹಳ ಜನ ಅಸಲಿಗೆ ದೊಡ್ಡವರಾಗಿರೋದೇ ಇಲ್ಲ, ಅದು ಬೈಸ್ಕೋಬಾರದು ಅಂತ ಕೈಕಟ್ಟಿ ಕೂತಿರೋ ಎರಡನೇ ಥರದ ಮಗು. ಸದಾ ಗಂಭೀರ, ಸದಾ ಬಿಜಿ, ಸುಮ್ನೆ ಕೂತ್ರೆ ತಪ್ಪು ಮಾಡ್ದಂಗೆ ಒದ್ದಾಟ. ಮನೇಲಿ ಯಾರೂ ಇಲ್ದಿದ್ರೂ ಯಾರೋ ನೋಡ್ತಿದಾರೆ ಅನ್ನೋ ಥರ ಬದುಕೋದು.

ಅಂಥ ಒಬ್ರ ಬಗ್ಗೆ ಹೇಳ್ತೀನಿ, ಗುರುತು ಸಿಗದಂಗೆ ವಿವರ ಬದಲಾಯಿಸಿದೀನಿ. 29 ವರ್ಷ, ಮನೆಗೆ ದೊಡ್ಡ ಮಗಳು. ತಂದೆ ಹುಷಾರಿಲ್ಲದೆ ಮಲಗಿದಾಗ ಈಕೆಗೆ ಹನ್ನೊಂದೋ ಹನ್ನೆರಡೋ, ತಮ್ಮ ತಂಗಿಯನ್ನ ರೆಡಿ ಮಾಡಿ ಸ್ಕೂಲಿಗೆ ಕಳಿಸೋದ್ರಿಂದ ಹಿಡಿದು ಅಮ್ಮನ ಅಳು ಕೇಳೋ ತನಕ ಎಲ್ಲ ಈಕೆದೇ. ನಮ್ಮ ಫೀಲ್ಡಿನಲ್ಲಿ ಇದಕ್ಕೆ ಪೇರೆಂಟಿಫಿಕೇಶನ್ ಅಂತಾರೆ, ಮಗುವೇ ಅಪ್ಪ ಅಮ್ಮನಿಗೆ ಅಪ್ಪ ಅಮ್ಮ ಆಗಿಬಿಡೋದು. ಒಂದು ಕೆಲಸ ಹೇಳಿದ್ರೆ ಎರಡು ಮುಗಿಸ್ಕೊಂಡು ಬರೋ ಥರದ ಹುಡುಗಿ. ನಾನು ಕೇಳಿದೆ, ಏನೂ ಪ್ರಯೋಜನ ಇಲ್ಲದ ಕೆಲಸ ಒಂದನ್ನ, ಖುಷಿಗೆ ಅಂತ, ಕೊನೇ ಸಲ ಯಾವಾಗ ಮಾಡಿದ್ರಿ? ಈಕೆ ಯೋಚನೆ ಮಾಡ್ಲಿಲ್ಲ. ಬ್ಯಾಗಿಂದ ಫೋನ್ ತೆಗೆದು ಕ್ಯಾಲೆಂಡರ್ ಓಪನ್ ಮಾಡಿ ಹಿಂದಕ್ಕೆ ತಳ್ತಾ ಹೋದ್ರು, ಆ ತಿಂಗಳು, ಅದರ ಹಿಂದಿನ ತಿಂಗಳು, ಅದರ ಹಿಂದಿಂದು, ಬೆರಳು ಓಡ್ತಾನೇ ಇದೆ. ಆಮೇಲೆ ತಲೆ ಎತ್ತಿ ನಿಜವಾಗ್ಲೂ ಬೇಜಾರಾಗಿ "ಎಂಟ್ರಿ ಮಾಡಿಲ್ಲ ಅನ್ಸುತ್ತೆ ಮೇಡಂ" ಅಂದ್ರು. ಇಬ್ರಿಗೂ ನಗು ಬಂತು.

ವಾರಕ್ಕೆ ಅರ್ಧ ಗಂಟೆ ಏನಾದ್ರೂ ಸುಮ್ನೆ ಮಾಡ್ಕೊಂಡು ಬನ್ನಿ ಅಂದ್ರೆ ಮುಂದಿನ ಸಲ ಹವ್ಯಾಸಗಳ ಎಕ್ಸೆಲ್ ಶೀಟ್ ತಂದ್ರು, ಖರ್ಚು ಒಂದು ಕಾಲಂ, ಲಾಭ ಒಂದು ಕಾಲಂ. ಇಂಥವ್ರಿಗೆ "ರಿಲ್ಯಾಕ್ಸ್ ಆಗಿ, ಎಂಜಾಯ್ ಮಾಡಿ" ಅಂತ ಹೇಳೋದು ಇನ್ನೊಂದು ಹೋಮ್‌ವರ್ಕ್ ಕೊಟ್ಟಂಗೆ, ಅದರಲ್ಲೂ ಫಸ್ಟ್ ಕ್ಲಾಸ್ ಬರಬೇಕು ಅಂತ ಕೂತ್ಕೋತಾರೆ. ಕೊನೆಗೆ ಮಾತು ಮಾತಲ್ಲಿ ಹೊರಗೆ ಬಂದಿದ್ದು ಏನಂದ್ರೆ ಬಾಯಿಗೆ ಬೆರಳಿಟ್ಟು ಜೋರಾಗಿ ಶಿಳ್ಳೆ ಹೊಡೆಯೋಕೆ ಚಿಕ್ಕವಯಸ್ಸಿಂದ ಆಸೆ. ತಮ್ಮನಿಗೆ ಬರ್ತಿತ್ತು, ಈಕೆಗೆ ಕಲಿಯೋಕೆ ಪುರುಸೊತ್ತಿರಲಿಲ್ಲ. ಸರಿ, ಅದೇ ಕಲೀರಿ ಅಂದೆ. ಎರಡು ತೋರುಬೆರಳ ತುದಿಯಿಂದ ನಾಲಿಗೆನ ಒಳಕ್ಕೆ ಮಡಚಿ, ತುಟಿ ಹಲ್ಲಿನ ಮೇಲೆ ಎಳ್ಕೊಂಡು ಊದಬೇಕು, ಮೊದಲಿಗೆ ಬರೋದು ಬರೀ ಗಾಳಿ ಮತ್ತೆ ಎಂಜಲು. ತಲೆ ಸುತ್ತುತ್ತೆ, ಕನ್ನಡಿ ಒದ್ದೆಯಾಗುತ್ತೆ, ನೋಡೋರಿಗೆ ಪೆದ್ದು ಪೆದ್ದಾಗಿ ಕಾಣುತ್ತೆ. ವಾರಗಟ್ಟಲೆ ಬರ್ಲೇ ಇಲ್ಲ. ಅದೇ ಬೇಕಾಗಿದ್ದು ನಂಗೆ. ಬರಲ್ಲ ಅಂತ ಗೊತ್ತಿದ್ದೂ ಮಾಡೋದು, ಕೆಟ್ಟದಾಗಿ ಮಾಡೋದು, ಅದಕ್ಕೆ ಯಾರೂ ಬೈಯಲ್ಲ ಅನ್ನೋದು ಮೈಗೆ ಗೊತ್ತಾಗೋದು.

ಈಕೆಗೆ ಆಡೋಕೆ ಬರಲ್ಲ ಅಂತ ಅಲ್ಲ, ಕಾವಲು ಇರಲಿಲ್ಲ. ಬ್ರಿಟಿಷ್ ಮಕ್ಕಳ ಡಾಕ್ಟರ್ ಮತ್ತೆ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಇದನ್ನ ಚೆನ್ನಾಗಿ ಗಮನಿಸಿದ್ರು, ಮಗು ಆಟದಲ್ಲಿ ಮೈಮರೀಬೇಕು ಅಂದ್ರೆ ನಂಬಿಕೆ ಇರೋ ದೊಡ್ಡವರು ಯಾರಾದ್ರೂ ಹತ್ತಿರದಲ್ಲೇ ಇರಬೇಕು. ಅವ್ರು ಜೊತೆಗೆ ಆಡಬೇಕು ಅಂತೇನಿಲ್ಲ, ಅಲ್ಲೇ ಎಲ್ಲೋ ತಮ್ಮ ಪಾಡಿಗೆ ತಾವು ಕೆಲಸ ಮಾಡ್ಕೊಂಡಿದ್ರೆ ಸಾಕು, ಮಗು ಅವ್ರನ್ನ ಮರೆತು ಆಡುತ್ತೆ. ಅವ್ರು ಕಾಣ್ದಂಗಾದ ತಕ್ಷಣ ಆಟ ಬಿಟ್ಟು ಹುಡುಕುತ್ತೆ. ಈಗ ಇದನ್ನ ನಮಗೆ ಹಾಕ್ಕೊಳ್ಳಿ. 30ರಲ್ಲಿ ನಮಗೆ ಕಾವಲು ಯಾರು? ನಾವೇ. ಬಾಡಿಗೆ ಕಟ್ಟಿದೀನಿ, ನಾಳೆ ಬೆಳಿಗ್ಗೆ ಕೊಡಬೇಕಾದ ಕೆಲಸ ಮುಗಿಸಿದೀನಿ, ಹುಷಾರು ತಪ್ಪಿದ್ರೆ ಅಂತ ಒಂದಿಷ್ಟು ದುಡ್ಡು ತೆಗೆದಿಟ್ಟಿದೀನಿ ಅನ್ನೋದು ಇದ್ರೆ ಒಳಗಿನ ಮಗು ಹೆದರಿಕೆ ಇಲ್ದೆ ಹೊರಗೆ ಬರುತ್ತೆ. ಇಲ್ದಿದ್ರೆ ಬೀಚಿಗೆ ಕರ್ಕೊಂಡೋದ್ರೂ ಅದರ ಕಿವಿ ಫೋನಿನ ಮೇಲೇ ಇರುತ್ತೆ. ಅದಕ್ಕೇ ನಾನು ಹೇಳೋದು, ಜವಾಬ್ದಾರಿ ಹುಡುಗುತನದ ಶತ್ರು ಅಲ್ಲ. ದುಡ್ಡಿನ ಭದ್ರತೆ ನಿಜವಾಗ್ಲೂ ಇಲ್ಲದವ್ರಿಗೆ ಈ ಮಾತು ಚುಚ್ಚುತ್ತೆ ಅಂತ ಗೊತ್ತು, ಮೂರು ಕಡೆ ದುಡಿದು ಬಂದು ಬಿದ್ಕೊಳ್ಳೋ ಮನುಷ್ಯನಿಗೆ "ಆಟ ಆಡಿ" ಅಂತ ಉಪದೇಶ ಮಾಡೋ ಧೈರ್ಯ ನಂಗಿಲ್ಲ, ಅವ್ರಿಗೆ ಮೊದಲು ಬೇಕಿರೋದು ನಿದ್ದೆ.

ಇದರ ಉಲ್ಟಾ ಕೇಸೂ ಬರ್ತಾವೆ. ಗಂಡ ಹೆಂಡತಿ ಬಂದಿದ್ರು, ಆತನಿಗೆ 31. "ನಾನು ಮನಸ್ಸಲ್ಲಿ ಇನ್ನೂ ಚಿಕ್ಕ ಹುಡುಗನೇ ಮೇಡಂ, ಇವಳಿಗೆ ಅದೇ ಪ್ರಾಬ್ಲಂ" ಅಂತ ನಗ್ತಾ ಶುರು ಮಾಡಿದ್ರು. ಕರೆಂಟ್ ಬಿಲ್ ನೆನಪಿರಲ್ಲ, ಮನೆ ಓನರ್ ಫೋನ್ ಮಾಡಿದ್ರೆ ಎತ್ತಲ್ಲ, ಕೆಲಸ ಬೇಜಾರಾಯ್ತು ಅಂತ ಮೂರನೇ ಸಲ ಬಿಟ್ಟಿದಾರೆ. ಆಕೆ ಬಹಳ ಹೊತ್ತು ಸುಮ್ನಿದ್ದು ಒಂದೇ ಮಾತು ಕೇಳಿದ್ರು, "ಇವ್ರು ಚಿಕ್ಕ ಹುಡುಗ ಆಗಿರ್ಲಿ ಅಂತ ನಾನು ಇಪ್ಪತ್ತೆಂಟಕ್ಕೇ ಇವ್ರ ಅಮ್ಮ ಆಗ್ಬೇಕಾ?" ನಾನು ಆತನನ್ನ ಕೇಳಿದೆ, ಸರಿ, ಆಟ ಅಂದ್ರಲ್ಲ, ಏನಾಡ್ತೀರಿ? ದಿನಕ್ಕೆ ನಾಲ್ಕು ಗಂಟೆ ಫೋನಿನಲ್ಲಿ ಒಂದೇ ಗೇಮ್, ಆಡಿ ಮುಗಿದ್ಮೇಲೆ ಹೆಂಗನ್ಸುತ್ತೆ ಅಂದ್ರೆ "ತಲೆ ನೋವು". ಇದು ಆಟ ಅಲ್ಲ, ಅಡಗಿ ಕೂರೋದು. ಮಂಚದ ಕೆಳಗೆ ಅವಿತ್ಕೊಂಡಿರೋ ಮಗುವನ್ನ ಆಡ್ತಿದೆ ಅಂತ ಯಾರೂ ಅನ್ನಲ್ಲ ಅಲ್ವಾ? 1983ರಲ್ಲಿ ಡ್ಯಾನ್ ಕೈಲಿ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರು ಇಂಥವ್ರಿಗೆ "ಪೀಟರ್ ಪ್ಯಾನ್ ಸಿಂಡ್ರೋಮ್" ಅಂತ ಹೆಸರಿಟ್ರು, ಪೀಟರ್ ಪ್ಯಾನ್ ಅಂದ್ರೆ ದೊಡ್ಡವನಾಗೋದೇ ಬೇಡ ಅನ್ನೋ ಕಥೆಯ ಹುಡುಗ, ಹೆಸರು ಹಿಟ್ ಆಯ್ತು, ಆದ್ರೆ ಅದು ರೋಗಗಳ ಅಧಿಕೃತ ಪಟ್ಟಿಯಲ್ಲಿಲ್ಲ. ಆ ಲೇಬಲ್ ನಾನು ಯಾರಿಗೂ ಅಂಟಿಸಲ್ಲ, ಯಾಕಂದ್ರೆ ಲೇಬಲ್ ಸಿಕ್ಕಿದ್ರೆ ಅದೇ ಒಂದು ಹೊಸ ನೆಪ ಆಗುತ್ತೆ. ನಾನು ಕೇಳೋದು ಎರಡೇ, ಆಡಿ ಎದ್ದಾಗ ಮೈಮನಸ್ಸು ಹಗುರ ಇದೆಯಾ ಭಾರ ಇದೆಯಾ, ಮತ್ತೆ ನಿಮ್ಮ ಆಟದ ಖರ್ಚು ಯಾರು ಹೊರ್ತಿದಾರೆ. ಖರ್ಚು ಅಂದ್ರೆ ದುಡ್ಡೊಂದೇ ಅಲ್ಲ.

ಈಗ ಸ್ವಲ್ಪ ಸೀರಿಯಸ್ ವಿಷಯ. "ಯಾವುದ್ರಲ್ಲೂ ಇಂಟರೆಸ್ಟ್ ಇಲ್ಲ, ದೊಡ್ಡವರಾದ್ಮೇಲೆ ಹಿಂಗೇ ತಾನೆ" ಅಂತ ಬರೋರಲ್ಲಿ ಎಲ್ರದ್ದೂ ದೊಡ್ಡವರಾಗೋ ತಾಪತ್ರಯ ಅಲ್ಲ. ಮುಂಚೆ ಇಷ್ಟ ಆಗ್ತಿದ್ದ ವಿಷಯಗಳು ಸಪ್ಪೆ ಅನ್ಸೋದು ಡಿಪ್ರೆಶನ್‌ನ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು, ಇನ್ನೊಂದು ಯಾವಾಗ್ಲೂ ಕವಿದಂಗಿರೋ ಬೇಸರ. ಡಾಕ್ಟರುಗಳು ಡಿಪ್ರೆಶನ್ ಅಳೆಯೋಕೆ ಬಳಸೋ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿಯ ಮೊದಲನೇ ಪ್ರಶ್ನೆನೇ ಇದರ ಬಗ್ಗೆ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಮ್ಮಿ ದಿನಾ, ಇದರ ಜೊತೆಗೆ ನಿದ್ದೆ ಹಸಿವು ಏರುಪೇರು, ಸುಸ್ತು, ನಾನು ಯಾವುದಕ್ಕೂ ಪ್ರಯೋಜನ ಇಲ್ಲ ಅನ್ನೋ ಯೋಚನೆ ಇದ್ರೆ ಹವ್ಯಾಸ ಹುಡುಕೋಕೆ ಹೋಗ್ಬೇಡಿ, ಡಾಕ್ಟರ್ ಹತ್ರ ಹೋಗಿ. ಸಾಯೋ ಯೋಚನೆ ಸುಳಿದ್ರೆ ಎರಡು ವಾರ ಅಂತ ಕಾಯೋದೂ ಬೇಡ, ಅವತ್ತೇ ಹೋಗಿ, ಒಬ್ರೇ ಇರ್ಬೇಡಿ. ಗುರುತಿಸೋಕೆ ಒಂದು ಸಣ್ಣ ದಾರಿ ಇದೆ, ಪೂರ್ತಿ ನಂಬೋ ಹಂಗಿಲ್ಲ ಆದ್ರೂ ಹೇಳ್ತೀನಿ. ಬರೀ ದಣಿವಾದ್ರೆ ನಾಲ್ಕು ದಿನ ಚೆನ್ನಾಗಿ ಮಲಗಿ, ಫ್ರೆಂಡ್ಸ್ ಬಲವಂತವಾಗಿ ಎಳ್ಕೊಂಡೋದ್ರೆ ಅಲ್ಲಿಗೆ ಹೋದ್ಮೇಲಾದ್ರೂ ನಗು ಬರುತ್ತೆ. ಡಿಪ್ರೆಶನ್ ಆದ್ರೆ ಅಲ್ಲೂ ಗಾಜಿನ ಆಚೆ ನಿಂತು ನೋಡ್ದಂಗೆ ಇರುತ್ತೆ.

ಇನ್ನು "ನಾನು ಜೋಕ್ ಮಾಡೋಳಲ್ಲ, ಡ್ಯಾನ್ಸ್ ಬರಲ್ಲ, ನಂಗೆ ಈ ಹುಡುಗಾಟ ಎಲ್ಲ ಆಗ್ಬರಲ್ಲ" ಅನ್ನೋರು ಇದಾರೆ. ದೊಡ್ಡವರ ಆಟದ ಸ್ವಭಾವವನ್ನೇ ಸ್ಟಡಿ ಮಾಡೋ ರೆನೆ ಪ್ರೋಯರ್ ಅನ್ನೋ ಸಂಶೋಧಕರು 2017ರಲ್ಲಿ ಅದನ್ನ ನಾಲ್ಕು ಬಗೆಯಾಗಿ ವಿಂಗಡಿಸಿದ್ರು. ಬೇರೆಯವರ ಜೊತೆ ತುಂಟತನ ಮಾಡೋದು ಒಂದು ಬಗೆ ಅಷ್ಟೇ. ನಾಳೆ ಬಗ್ಗೆ ತಲೆ ಕೆಡಿಸ್ಕೊಳ್ದೆ ಹಗುರಾಗಿರೋದು ಒಂದು, ಯೋಚನೆಗಳ ಜೊತೆ ಆಡೋದು ಒಂದು, ವಿಚಿತ್ರ ವಿಷಯಗಳಲ್ಲಿ ಖುಷಿ ಪಡೋದು ಇನ್ನೊಂದು. ಒಬ್ರೇ ಕೂತು ರಾತ್ರಿ ಹನ್ನೆರಡರ ತನಕ ಒಂದು ಪಝಲ್ ಬಿಡಿಸೋ ಮನುಷ್ಯ, ರೈಲಿನ ವೇಳಾಪಟ್ಟಿ ಓದಿ ಖುಷಿ ಪಡೋ ಮನುಷ್ಯ, ಇವ್ರ ಮನಸ್ಸಿಗೂ ವಯಸ್ಸಾಗಿರಲ್ಲ. ಪಾರ್ಟಿಯಲ್ಲಿ ಕೂಗಾಡೋರನ್ನ ನೋಡಿ ನಿಮ್ಮನ್ನ ಅಳತೆ ಮಾಡ್ಕೋಬೇಡಿ.

"ಇನ್ನೇನು ಕಲಿಯೋದು, ನಾನು ಇಷ್ಟೇ" ಅನ್ನೋರಿಗೆ ಎರಡು ಮಾತು. 2013ರಲ್ಲಿ ಪ್ರಕಟವಾದ ಒಂದು ಸ್ಟಡಿಯಲ್ಲಿ 18ರಿಂದ 68 ವರ್ಷದ 19 ಸಾವಿರಕ್ಕೂ ಹೆಚ್ಚು ಜನರನ್ನ ಕೇಳಿದ್ರು, ಕೆಲವರನ್ನ ಕಳೆದ ಹತ್ತು ವರ್ಷದಲ್ಲಿ ಎಷ್ಟು ಬದಲಾಗಿದೀರಿ ಅಂತ, ಇನ್ನು ಕೆಲವರನ್ನ ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗ್ತೀರಿ ಅಂತ. ಎಲ್ಲ ವಯಸ್ಸಲ್ಲೂ ಹಿಂದಿನದ್ದು ಹೇಳಿದವ್ರು ಬಹಳ ಬದಲಾಗಿದೀನಿ ಅಂದ್ರು, ಮುಂದಿನದ್ದು ಹೇಳಿದವ್ರು ಇನ್ಮೇಲೆ ಅಷ್ಟೇನಿಲ್ಲ ಅಂದ್ರು. ಚಿಕ್ಕವರಲ್ಲೂ ಹಂಗೇ, 50ರವ್ರಲ್ಲೂ ಹಂಗೇ. ಅಂದ್ರೆ ನಾನು ಇಷ್ಟೇ ಅಂತ ಅನ್ಸೋದು ಯಾವ ವಯಸ್ಸಲ್ಲೂ ನಂಬೋ ಹಂಗಿಲ್ಲ. ಇನ್ನೊಂದು 2004ರದ್ದು. ಜಗ್ಲಿಂಗ್ ಬರದ ಕೆಲವರಿಗೆ ಮೂರು ಚೆಂಡು ಎಸೆದು ಹಿಡಿಯೋದನ್ನ ಮೂರು ತಿಂಗಳು ಕಲಿಸಿ ಮೆದುಳು ಸ್ಕ್ಯಾನ್ ಮಾಡಿದ್ರು. ಚಲನೆಯನ್ನ ನೋಡಿ ಗ್ರಹಿಸೋ ಭಾಗದಲ್ಲಿ ಬೂದು ದ್ರವ್ಯ, ಅಂದ್ರೆ ನರಕೋಶಗಳು ತುಂಬಿರೋ ಪದರ, ಹೆಚ್ಚಿತ್ತು. ಪ್ರಾಕ್ಟೀಸ್ ನಿಲ್ಲಿಸಿ ಮತ್ತೆ ಮೂರು ತಿಂಗಳಾದ್ಮೇಲೆ ನೋಡಿದ್ರೆ ಇಳಿದಿತ್ತು. ಮೆದುಳು ದೊಡ್ಡವರಲ್ಲೂ ಬದಲಾಗುತ್ತೆ, ಸುಮ್ನೆ ಬಿಟ್ರೆ ವಾಪಸ್ಸೂ ಹೋಗುತ್ತೆ.

ನಂಗೆ ಈಗೀಗ ಜಾಸ್ತಿ ಸಿಟ್ಟು ಬರಿಸೋದು ಇನ್ನೊಂದಿದೆ. ಒಬ್ರು ಚೆನ್ನಾಗಿ ಚಿತ್ರ ಬಿಡಿಸ್ತಾರೆ ಅಂದ ತಕ್ಷಣ ಸುತ್ತ ಇರೋರು "ಪೇಜ್ ಓಪನ್ ಮಾಡು, ಸೇಲ್ ಮಾಡು" ಅಂತಾರೆ. ಪೋಸ್ಟ್ ಹಾಕಿದ ದಿನದಿಂದ ಆಟ ಹೋಗಿ ಲೈಕ್ ಎಣಿಸೋದು ಶುರು, ಆರ್ಡರ್ ಬಂದ ದಿನದಿಂದ ಡೆಡ್‌ಲೈನ್ ಶುರು, ಮತ್ತೆ ಅದೇ ಬೈಸ್ಕೊಳ್ಳೋಕೆ ಹೆದರಿ ಕೂತ ಮಗು. ದುಡಿಮೆಗೆ ಬೇಕಿದ್ರೆ ಮಾಡ್ಲಿ, ಬೇಡ ಅನ್ನಲ್ಲ, ಆದ್ರೆ ಆವಾಗ ಅದು ಕೆಲಸ, ಆಟಕ್ಕೆ ಬೇರೆ ಒಂದು ಹುಡುಕ್ಕೋಬೇಕು. ನನ್ನ ಹತ್ರ ಬರೋರಿಗೆ ನಾನು ಹೇಳೋದು, ಒಂದು ಹವ್ಯಾಸವನ್ನಾದ್ರೂ ಯಾರಿಗೂ ತೋರಿಸ್ದೆ, ಯಾರಿಗೂ ಮಾರದೆ, ಅದರಲ್ಲಿ ಪ್ರಗತಿ ಎಷ್ಟಾಯ್ತು ಅಂತ ಬರೆದಿಡದೆ ಇಟ್ಕೊಳ್ಳಿ.

ಆಮೇಲೆ ಎಲ್ಲಕ್ಕಿಂತ ಜಾಸ್ತಿ ಕೇಳೋ ಪ್ರಶ್ನೆ, ಎಲ್ಲಿಂದ ಶುರು ಮಾಡೋದು ಮೇಡಂ? ಸಾಧ್ಯ ಆದ್ರೆ ಒಬ್ರೇ ಬೇಡ. ನಗುವಿನ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ರಾಬರ್ಟ್ ಪ್ರೊವೈನ್ ಕಂಡ್ಕೊಂಡಿದ್ದು, ಟಿವಿ ಪುಸ್ತಕ ಅಂತ ಏನೂ ಇಲ್ದಾಗ ಜನ ಒಬ್ರೇ ಇರೋದಕ್ಕಿಂತ ಜೊತೆಯಲ್ಲಿದ್ದಾಗ 30 ಪಟ್ಟು ಹೆಚ್ಚು ನಗ್ತಾರೆ, ಅದೂ ಜೋಕಿಗಲ್ಲ, ಬಹಳ ಸಲ "ಹೌದಾ, ಸಿಗೋಣ ಬಿಡು" ಅನ್ನೋ ಥರದ ಮಾಮೂಲಿ ಮಾತಿಗೆ. ಆ ಜೊತೆ ಯಾರು ಅಂತ ಸ್ವಲ್ಪ ನೋಡಿ ಆರಿಸ್ಕೊಳ್ಳಿ, ನೀವು ಎಡವಿದ್ರೆ ನಿಮ್ಮ ಜೊತೆ ಸೇರಿ ನಗ್ಬೇಕು, ಮಾರನೇ ದಿನ ಅದನ್ನೇ ಎತ್ತಿ ಆಡ್ಬಾರದು. ಅಂಥವ್ರು ಸದ್ಯಕ್ಕೆ ಯಾರೂ ಕಾಣ್ತಿಲ್ಲ ಅಂದ್ರೆ ನೆಂಟರದ್ದೋ ಪಕ್ಕದ ಮನೆಯದ್ದೋ ಆರೇಳು ವರ್ಷದ ಮಗು ಇರುತ್ತಲ್ಲ, ಅದರ ಜೊತೆ ನೆಲದ ಮೇಲೆ ಒಂದು ಗಂಟೆ ಕೂತ್ಕೊಳ್ಳಿ. ಫೋನ್ ಬೇರೆ ರೂಮಲ್ಲಿರ್ಲಿ, ರೂಲ್ಸ್ ಮಗುನೇ ಹೇಳ್ಲಿ, ಮಧ್ಯದಲ್ಲಿ ಅದೇ ರೂಲ್ಸ್ ಬದಲಾಯಿಸಿ ನಿಮ್ಮನ್ನ ಸೋಲಿಸಿದ್ರೆ ನ್ಯಾಯ ಹೇಳೋಕೆ ಮಾತ್ರ ಹೋಗ್ಬೇಡಿ.